ಅಗಾಥಾಳ ಚೀಟಿಗಳು

ಚರ್ಚಿನ ನೆಲಮಾಳಿಗೆ. ಬಾಯ್ಲರಿನ ಪಕ್ಕ
ನಾಲ್ಕು ಕಪಾಟು, ಒಂದು ಕುಂಟು ಸ್ಟೂಲು.
ಹೊರಗೆ ಮ್ಯಾನಿಟೋಬಾದ ಫೆಬ್ರವರಿ,
ಉಗುಳಿದ್ದು ನೆಲ ಮುಟ್ಟುವ ಮೊದಲೇ ಕಲ್ಲಾಗುವ ಚಳಿ.
ಒಳಗೆ ಅಗಾಥಾ ವೀಬ್,
ನಮ್ಮೂರಿನ ಓದಿಗೆ ಹಿಡಿದ ಜರಡಿ.

ಯಾವ ಪುಸ್ತಕ ಬಂದರೂ ಮೊದಲು ಅವಳೇ ಓದಬೇಕು,
ಕನ್ನಡಕ ಮೂಗಿನ ತುದಿಗೆ ಜಾರಿಸಿ,
ಕಾಳಲ್ಲಿ ಕಲ್ಲು ಹೆಕ್ಕುವ ಹಾಗೆ.
ಆಮೇಲೆ ರಟ್ಟಿನ ಒಳಗೆ ಒಂದು ಚೀಟಿ:

‘ಮನೆಮಂದಿಯೆಲ್ಲ ಕೂತು ಓದಬಹುದು.
ಇಪ್ಪತ್ತನೇ ಪುಟದಲ್ಲಿ ನಾಯಿ ಸಾಯುತ್ತದೆ,
ಚಿಕ್ಕವರಿಗೆ ಮೊದಲೇ ಹೇಳಿಬಿಡಿ.’
‘ಒಳ್ಳೆಯದೇ. ಆದರೆ ಇದರ ಪಾದ್ರಿ
ತೆರೆದ ಬಾಯಿ ಮುಚ್ಚುವುದಿಲ್ಲ.’
‘ಜ್ವರ ಬಂದಾಗ.’
‘ಮದುವೆಯಾದವರಿಗೆ ಮಾತ್ರ.’ ಇದೊಂದು
ಮದುವೆಯಾಗದವರ ಕೈಯಲ್ಲೇ ಸವೆದು
ಬೆನ್ನು ಕಿತ್ತುಕೊಂಡಿತ್ತು.

ಬೈಗುಳ ಸಿಕ್ಕರೆ ಕಪ್ಪು ಶಾಯಿ.
ನಾನೂ ಹೈನೊ ಟೇವ್ಸನೂ
ಆ ಪುಟವನ್ನು ಕಿಟಕಿಗೆ ಹಿಡಿದು
ಹಿಮದ ಬೆಳಕಲ್ಲಿ ಒಂದೊಂದೇ ಅಕ್ಷರ ಬಿಡಿಸಿದೆವು.
ನನಗೆ ಬರುವ ಬೈಗುಳವೆಲ್ಲ
ಚರ್ಚಿನಲ್ಲೇ ಕಲಿತದ್ದು.

ತಿಂಗಳ ಕೊನೆಯ ಶುಕ್ರವಾರ ಸಿನಿಮಾ.
ಬಿಳಿ ಮೇಜುಬಟ್ಟೆಯೇ ಪರದೆ,
ಅದರ ಮೂಲೆಗೆ ಬೀಟ್‌ರೂಟ್ ಸೂಪಿನ ಕಲೆ.
ಎಲ್ಲ ಕತೆಯ ಆಕಾಶದಲ್ಲೂ ಎಡಗಡೆ
ಅದೇ ಒಂದು ಕೆಂಪು ಮೋಡ.
ಮುದುಕರು ಸೂರ್ಯಕಾಂತಿ ಬೀಜ ಕಟಕಟ ಒಡೆಯುತ್ತ,
ಕೂಸುಗಳು ಅಪ್ಪಂದಿರ ಕೋಟಿನೊಳಗೆ ನಿದ್ದೆಹೋಗುತ್ತ.
ಅವನ ಮುಖ ಅವಳ ಮುಖಕ್ಕೆ ಹತ್ತಿರವಾದರೆ ಸಾಕು,
ಅಗಾಥಾ ಎದ್ದು ಪ್ರೊಜೆಕ್ಟರಿಗೆ ಕೈ ಅಡ್ಡ ಹಿಡಿಯುವಳು.
ಪರದೆ ಕತ್ತಲು. ಪಿಟೀಲು ಮಾತ್ರ ಮುಂದುವರಿಯುವುದು.

ರೀಲು ಬದಲಿಸುವ ಕೆಲಸ ನನ್ನದು,
ಹಾಗಾಗಿ ನನಗೆ ಕಾಣುತ್ತಿತ್ತು:
ಮುತ್ತು ಅವಳ ಅಂಗೈಯ ಮೇಲೆ ಬಿದ್ದಿರುತ್ತಿತ್ತು,
ನಾಣ್ಯದಷ್ಟಗಲ, ಮಸುಕಾಗಿ,
ಯಾರೂ ಕೈ ಕೇಳಿ ಬಾರದ
ಆ ಕೈಯ ಗೆರೆಗಳ ನಡುವೆ ಅಲುಗುತ್ತ.
ಅವಳು ಅದನ್ನೇ ನೋಡುತ್ತಿದ್ದಳು,
ಒಮ್ಮೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಎಲ್‌ಫ್ರೀಡಾ ಡಿಕ್ಕಳ ಮಗು ನದಿಯ ಮಂಜುಗಡ್ಡೆಯಡಿ ಹೋದ ವರ್ಷ.
ಒಂದು ಬುಧವಾರ ಬಂದಳು, ಬೂಟಿನ ಹಿಮವನ್ನೂ ಒದರದೆ.
‘ಏನಾದರೂ ಕೊಡು.
ಕೊನೆಗೆ ಎಲ್ಲ ಸರಿಹೋಗುವಂಥದ್ದು ಬೇಡ.’

ಅಗಾಥಾಳ ಬೆರಳು ಕಪಾಟಿನುದ್ದಕ್ಕೂ ನಡೆಯಿತು.
ಇಲ್ಲಿ ಮಗು ಕೊನೆಯ ಅಧ್ಯಾಯದಲ್ಲಿ ಸಿಗುತ್ತದೆ.
ಇಲ್ಲಿ ಜ್ವರ ಬೆಳಗಿನ ಜಾವ ಇಳಿಯುತ್ತದೆ.
ಇಲ್ಲೂ.
ಇಲ್ಲೂ.
ನಾಲ್ಕು ಕಪಾಟು ಮುಗಿದವು.
ಬಾಯ್ಲರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ವಿನ್ನಿಪೆಗ್ಗಿಗೆ ಕಾಗದ ಬರೆದು
ತನ್ನದೇ ದುಡ್ಡಲ್ಲಿ ತರಿಸಿದಳು,
ಮೂರು ರಾತ್ರಿ ಓದಿದಳು.
ಬೈಗುಳ ಬೇಕಾದಷ್ಟಿದ್ದವು. ಒಂದಕ್ಕೂ ಶಾಯಿ ತಾಗಲಿಲ್ಲ.
ಒಬ್ಬ ರೈತ ಕೊಟ್ಟಿಗೆಯಲ್ಲಿ ನಿಂತು
ಹನ್ನೊಂದು ಪುಟ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ,
ಹಸುಗಳು ಮೆಲುಕು ಹಾಕುತ್ತವೆ. ಅಷ್ಟೇ.

ಚೀಟಿ: ‘ಇದರಲ್ಲಿ ದೇವರು ಉತ್ತರ ಕೊಡುವುದಿಲ್ಲ.
ಓದುವಾಗ ಪಕ್ಕದಲ್ಲಿ ಯಾರಾದರೂ ಇರಲಿ.
ಬೇಕಾದರೆ ನಾನು ಬರುತ್ತೇನೆ.’

ಹಿರಿಯರು ಕರೆದು ಕೇಳಿದರಂತೆ.
‘ನಾನು ಓದಿದ್ದೇನೆ’ ಎಂದಳಂತೆ.
ಇನ್ನೇನೂ ಹೇಳಲಿಲ್ಲ.

ಈಗ ಆ ಕುಂಟು ಸ್ಟೂಲು ನನ್ನದು.
ತಾಯಂದಿರು ಬಂದು ಕೇಳುತ್ತಾರೆ:
ಮಕ್ಕಳ ಜೊತೆ ಕೂತು ನೋಡುವಂಥದ್ದು,
ಮುಜುಗರವಾಗದ್ದು, ಉಪದೇಶವೂ ಆಗದ್ದು, ಇದೆಯೇ?
ಇದೆ, ಎನ್ನುತ್ತೇನೆ, ಹುಡುಕುತ್ತೇನೆ,
ಅರ್ಧ ಸಲ ತಪ್ಪುತ್ತೇನೆ.

ಮೊನ್ನೆ ತುಕ್ಕು ಹಿಡಿದ ರೀಲಿನ ಡಬ್ಬಿಯೊಂದನ್ನು
ಚಮಚದಿಂದ ಮೀಟಿ ತೆರೆದೆ.
ಮುಚ್ಚಳದ ಒಳಗೆ ಅವಳ ಅಕ್ಷರ:
‘ನಲವತ್ತೆರಡನೇ ನಿಮಿಷ. ಕೈ.’
ಅದರ ಕೆಳಗೆ, ಬೇರೆ ಯಾವುದೋ ವರ್ಷದ ಪೆನ್ಸಿಲಿನಲ್ಲಿ,
ಓದಲು ಕಿಟಕಿಗೇ ಒಯ್ಯಬೇಕಾಯಿತು:
‘ಚೆನ್ನಾಗಿದೆ.’